ಒಳ್ಳೆ ಟ್ಯಾಗ್‌ಗೆ ಕಾಯಬೇಕಾ, ಸಿಕ್ಕಿದ್ದನ್ನು ಹಿಡಿಯಬೇಕಾ? ಕೊಲೊರಾಡೋ ಜಿಂಕೆ ಬೇಟೆಯ ಪಾಯಿಂಟ್ ಪುರಾಣ

ವರ್ಷಗಟ್ಟಲೆ ಕೂಡಿಟ್ಟಿದ್ದ ಜಿಂಕೆ ಪಾಯಿಂಟ್‌ಗಳನ್ನೆಲ್ಲ ಈ ಸಲ ಖರ್ಚು ಮಾಡಿಬಿಟ್ಟೆ. ಈಗ ನನ್ನ ಖಾತೆಯಲ್ಲಿರುವುದು ಸೊನ್ನೆ. ವಿಷಯ ಗೊತ್ತಿದ್ದವರು "ಇನ್ನೊಂದಷ್ಟು ವರ್ಷ ತಡೆದಿದ್ರೆ..." ಎಂದು ರಾಗ ಎಳೆದರು. ಗೊತ್ತಿಲ್ಲದವರು "ಜಿಂಕೆ ಹೊಡೆಯೋಕೂ ಕ್ಯೂ ಇದೆಯಾ?" ಎಂದು ನಕ್ಕರು. ಇದೆ, ಮತ್ತು ಸಣ್ಣದಲ್ಲ. ಟ್ಯಾಗ್ ಅಂದರೆ ಒಂದು ಜಿಂಕೆ ಹೊಡೆಯಲು ರಾಜ್ಯ ಕೊಡುವ ಪರವಾನಗಿ ಚೀಟಿ, ಪಾಯಿಂಟ್ ಅಂದರೆ ಅದರ ಕ್ಯೂನಲ್ಲಿ ಕಾದದ್ದಕ್ಕೆ ಸಿಗುವ ಅಂಕ. ಅಮೆರಿಕದ ಡೆನ್ವರ್ ಸುತ್ತ ಇರುವ ನಮ್ಮ ಕಡೆಯ ಕೆಲವು ಹುಡುಗರು ಈ ಬಗ್ಗೆ ಕೇಳುತ್ತಲೇ ಇದ್ದಾರೆ. ಪ್ರತಿ ಸಲ ಫೋನಿನಲ್ಲಿ ಮೊದಲಿಂದ ಹೇಳಿ ಸಾಕಾಗಿ ಈಗ ಬರೆದಿಡುತ್ತಿದ್ದೇನೆ.

ನಾನು ಕೊಡಗಿನವನು. ಮನೆಯಲ್ಲಿ ಕೋವಿ ಇದೆ. ಕೈಲ್‌ಪೊಳ್ದ್ ಬಂದರೆ ಅದಕ್ಕೆ ಹೂವಿಟ್ಟು ಪೂಜೆ, ಆಮೇಲೆ ತೆಂಗಿನಕಾಯಿಗೆ ಗುರಿ. ಅಷ್ಟೇ. 1972ರ ವನ್ಯಜೀವಿ ಕಾಯ್ದೆ ಬಂದು ಎಷ್ಟೋ ವರ್ಷದ ಮೇಲೆ ಹುಟ್ಟಿದವನು ನಾನು. ಕಡವೆ ಬೇಟೆ ಏನಿದ್ದರೂ ಅಜ್ಜನ ಬಾಯಲ್ಲಿ ಕೇಳಿದ್ದು. ಕೆಲಸಕ್ಕೆಂದು ಕೊಲೊರಾಡೋಗೆ ಬಂದ ಮೇಲೆ ಆಫೀಸಿನ ಹಿರಿಯ ಸಹೋದ್ಯೋಗಿಯೊಬ್ಬರು ಪ್ರತಿ ನವೆಂಬರ್ ರಜೆ ಹಾಕಿ ಮಾಯವಾಗುತ್ತಿದ್ದರು. ಎಲ್ಲಿಗೆ ಅಂತ ಕೇಳಿದ್ದೇ ತಡ, ಲಂಚ್ ಮುಗಿಯುವಷ್ಟರಲ್ಲಿ ನನಗೆ ಹುಚ್ಚು ಹತ್ತಿತ್ತು.

ಮೊದಲು ಹಂಟರ್ ಎಜುಕೇಶನ್ ಕಾರ್ಡ್. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದ ಯಾರಿಗೇ ಆದರೂ ಅದಿಲ್ಲದೆ ಇಲ್ಲಿ ಬೇಟೆ ಲೈಸೆನ್ಸ್ ಸಿಗುವುದಿಲ್ಲ. ಕಷ್ಟದ ಕೋರ್ಸ್ ಅಲ್ಲ. ನನ್ನ ಕ್ಲಾಸಿನಲ್ಲಿ ಪಕ್ಕದ ಕುರ್ಚಿಯಲ್ಲಿ ಹತ್ತು ವರ್ಷದ ಹುಡುಗಿ ಕೂತಿದ್ದಳು, ನನಗಿಂತ ಬೇಗ ಉತ್ತರ ಹೇಳುತ್ತಿದ್ದಳು. ರಾಜ್ಯದಲ್ಲಿ ಸತತ ಆರು ತಿಂಗಳು ವಾಸ ಮಾಡಿದ್ದರೆ ನೀವು ರೆಸಿಡೆಂಟ್. ಇದು ತುಂಬಾ ಮುಖ್ಯ. ರೆಸಿಡೆಂಟ್‌ಗೆ ಜಿಂಕೆ ಲೈಸೆನ್ಸ್ ನಲವತ್ತು ಡಾಲರ್ ಚಿಲ್ಲರೆಯಲ್ಲಿ ಮುಗಿಯುತ್ತದೆ, ಹೊರಗಿನವರಿಗೆ ನಾನೂರು ದಾಟುತ್ತದೆ.

ನಿಜವಾದ ತಲೆನೋವು ಕೋವಿಯದು. ಎಚ್-1ಬಿಯಂಥ ತಾತ್ಕಾಲಿಕ ಕೆಲಸದ ವೀಸಾದಲ್ಲಿ ಇರುವವರು ಅಮೆರಿಕದಲ್ಲಿ ಬಂದೂಕು ಇಟ್ಟುಕೊಳ್ಳುವ ಹಾಗಿಲ್ಲ. ಇದಕ್ಕೆ ಇರುವ ವಿನಾಯಿತಿಗಳಲ್ಲಿ ಒಂದು, ಇಲ್ಲಿನ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್ ಕೈಯಲ್ಲಿರುವುದು. ಹಾಗಾಗಿ ಮೊದಲು ಮೊಲ, ಹಕ್ಕಿಯಂಥ ಸಣ್ಣ ಬೇಟೆಯ ಲೈಸೆನ್ಸ್ ತಗೊಳ್ಳಿ, ಆಮೇಲೆ ಅಂಗಡಿಗೆ ಹೋಗಿ. ಮೊದಲು ಹೋದ ಅಂಗಡಿಯ ಹುಡುಗನಿಗೆ ಈ ವಿನಾಯಿತಿ ಇದೆ ಅನ್ನುವುದೇ ಗೊತ್ತಿರಲಿಲ್ಲ. ಐ-94 (ಅಮೆರಿಕ ಪ್ರವೇಶದ ದಾಖಲೆ), ಪಾಸ್‌ಪೋರ್ಟ್, ಲೈಸೆನ್ಸ್ ಎಲ್ಲ ಕೌಂಟರ್ ಮೇಲೆ ಹರಡಿಕೊಂಡು ನಿಂತಿದ್ದೇನೆ, ಅವನು ಒಳಗೆ ಹೋಗಿ ಯಾರನ್ನೋ ಕೇಳಿ ಬಂದು "ಸಾರಿ" ಅಂದ. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ನನ್ನನ್ನೇ ನೋಡುತ್ತಿದ್ದರು. ಕಳ್ಳನ ಹಾಗೆ ಅನ್ನಿಸಿತು. ಇನ್ನೊಂದು ಅಂಗಡಿಯಲ್ಲಿ ವಯಸ್ಸಾದ ಮಾಲೀಕರೇ ಕೂತು ಫಾರ್ಮ್ ತುಂಬಿಸಿದರು. ಹಿನ್ನೆಲೆ ತಪಾಸಣೆ ನಮ್ಮಂಥವರದ್ದು ಅಲ್ಲೇ ಮುಗಿಯುವುದಿಲ್ಲ, ತಡವಾಗುತ್ತದೆ. ಅದೂ ಅಲ್ಲದೆ 2023ರ ಅಕ್ಟೋಬರ್‌ನಿಂದ ಕೊಲೊರಾಡೋದಲ್ಲಿ ಹೇಗೂ ಮೂರು ದಿನ ಕಾಯಲೇಬೇಕು. ಸೀಸನ್ ಹತ್ತಿರ ಬಂದಾಗ ಹೋಗಬೇಡಿ, ಬೇಸಿಗೆಯಲ್ಲೇ ಮುಗಿಸಿ. ಲೈಸೆನ್ಸ್ ಅವಧಿ ಮಾರ್ಚ್ ಕೊನೆಗೆ ಮುಗಿಯುತ್ತದೆ. ಅದರೊಳಗೆ ಹೊಸದು ತಗೊಳ್ಳದಿದ್ದರೆ ಮನೆಯಲ್ಲಿರುವ ಕೋವಿಯೇ ಕೇಸ್ ಆಗಬಹುದು. ಗ್ರೀನ್ ಕಾರ್ಡ್ ಫೈಲ್ ನಡೆಯುತ್ತಿರುವವರು ಒಮ್ಮೆ ನಿಮ್ಮ ವಕೀಲರನ್ನು ಕೇಳಿಯೇ ಮುಂದುವರಿಯಿರಿ.

ಈಗ ಪಾಯಿಂಟ್ ಕಥೆ. ಕೊಲೊರಾಡೋದಲ್ಲಿ 1999ರಿಂದ ಜಿಂಕೆ ಟ್ಯಾಗ್‌ಗಳೆಲ್ಲ ಡ್ರಾ ಮೂಲಕವೇ. ರಾಜ್ಯವನ್ನು ಯೂನಿಟ್‌ಗಳಾಗಿ ಹಂಚಿದ್ದಾರೆ. ಪ್ರತಿ ಯೂನಿಟ್‌ಗೆ, ಪ್ರತಿ ಸೀಸನ್‌ಗೆ ಇಷ್ಟೇ ಟ್ಯಾಗ್ ಅಂತ ಲೆಕ್ಕ, ಪ್ರತಿಯೊಂದಕ್ಕೂ ಒಂದು ಕೋಡ್. ಏಪ್ರಿಲ್ ತಿಂಗಳ ಮೊದಲ ಮಂಗಳವಾರದೊಳಗೆ ಅರ್ಜಿ ಹಾಕಬೇಕು. ನಾಲ್ಕು ಆಯ್ಕೆ ಕೊಡಬಹುದು. ಮೊದಲ ಆಯ್ಕೆ ಸಿಗದಿದ್ದರೆ ಸಮಾಧಾನಕ್ಕೆ ಒಂದು ಪ್ರಿಫರೆನ್ಸ್ ಪಾಯಿಂಟ್. ಮುಂದಿನ ವರ್ಷ ಜಾಸ್ತಿ ಪಾಯಿಂಟ್ ಇದ್ದವರಿಗೆ ಮೊದಲು. ಮೊದಲ ಆಯ್ಕೆ ಸಿಕ್ಕಿತೋ, ಪಾಯಿಂಟೆಲ್ಲ ಸೊನ್ನೆ.

ಹೊಸಬರಿಗೆ ಯಾರೂ ಸರಿಯಾಗಿ ಹೇಳದ ಒಂದು ವಿಷಯ ಇದೆ. ಎರಡನೇ, ಮೂರನೇ, ನಾಲ್ಕನೇ ಆಯ್ಕೆಯಲ್ಲಿ ಟ್ಯಾಗ್ ಸಿಕ್ಕರೆ ಪಾಯಿಂಟ್ ಹೋಗುವುದಿಲ್ಲ. ಮೊದಲ ಆಯ್ಕೆಯಲ್ಲಿ ಸಿಗುವುದೇ ಇಲ್ಲ ಅಂತ ಗೊತ್ತಿರುವ ದೊಡ್ಡ ಹೆಸರಿನ ಯೂನಿಟ್ ಹಾಕಿ, ಅಥವಾ ಬರೀ ಪಾಯಿಂಟ್‌ಗೆಂದೇ ಇರುವ ಕೋಡ್ ಹಾಕಿ. ಎರಡನೆಯದರಲ್ಲಿ ಅಷ್ಟು ಬೇಡಿಕೆ ಇಲ್ಲದ ಹೆಣ್ಣು ಜಿಂಕೆಯ ಟ್ಯಾಗ್ ಕೇಳಿ. ಪಾಯಿಂಟೂ ಬೆಳೆಯುತ್ತದೆ, ಆ ವರ್ಷ ಕಾಡಿಗೂ ಹೋಗಬಹುದು. ನಾನು ಶುರುವಿನ ವರ್ಷಗಳಲ್ಲಿ ಮಾಡಿದ್ದು ಇದೇ. ಕಾಯುವುದು ಅಂದರೆ ಮನೆಯಲ್ಲಿ ಕೂರುವುದು ಅಂತಲ್ಲ. ಈ ನಿಯಮಗಳು ಬದಲಾಗಬಹುದು. ಆದ್ದರಿಂದ ಅರ್ಜಿ ಹಾಕುವ ಮುಂಚೆ ಆ ವರ್ಷದ ಸರ್ಕಾರಿ ಕೈಪಿಡಿಯನ್ನು ಒಮ್ಮೆ ಪೂರ್ತಿ ಓದಿ.

ಹಾಗಾದರೆ ದೊಡ್ಡ ಹೆಸರಿನ ಯೂನಿಟ್‌ಗೆ ಜನ ಯಾಕೆ ಸಾಯುತ್ತಾರೆ? ಕೊಂಬಿಗೆ. ಈಗಲ್ ಎಂಬ ಊರಿನ ಹತ್ತಿರದ 44ನೇ ಯೂನಿಟ್ ಹೆಸರು ಹೇಳಿದರೆ ಇಲ್ಲಿನವರ ಕಣ್ಣು ಅರಳುತ್ತದೆ. ಅದರಲ್ಲೂ ನಾಲ್ಕನೇ ರೈಫಲ್ ಸೀಸನ್, ಅಂದರೆ ಕೋವಿ ಬೇಟೆಗೆಂದು ಬಿಡುವ ನಾಲ್ಕನೇ ಅವಧಿ. ನವೆಂಬರ್ ಮಧ್ಯ ದಾಟಿದ ಮೇಲೆ ಮ್ಯೂಲ್ ಡೀರ್ ಎಂಬ ಇಲ್ಲಿನ ಜಿಂಕೆ ಜಾತಿಯ ಗಂಡುಗಳಿಗೆ ಮದ ಏರುತ್ತದೆ. ಹಿಮ ಬಿದ್ದು ಮೇಲಿನ ಗುಡ್ಡಗಳಿಂದ ಕೆಳಗಿಳಿಯುತ್ತವೆ. ವರ್ಷವಿಡೀ ಕಾಣಿಸದ ಮುದಿ ಗಂಡುಗಳು ಹೆಣ್ಣಿನ ಹಿಂದೆ ಹಗಲಲ್ಲೇ ಬಯಲಿಗೆ ಬರುತ್ತವೆ. ಅಕ್ಟೋಬರ್ ಕೊನೆಯ ಎರಡನೇ ಸೀಸನ್‌ನಲ್ಲಿ ಅವು ಇನ್ನೂ ಎಲ್ಲೋ ಮೇಲೆ, ದಟ್ಟ ಮರಗಳ ನಡುವೆ. ಅದಕ್ಕೇ ಎರಡನೇ ಸೀಸನ್‌ಗೆ ಕಡಿಮೆ ಪಾಯಿಂಟ್, ನಾಲ್ಕನೆಯದಕ್ಕೆ ರಾಶಿ.

ನನಗೂ 44ರ ಕನಸಿತ್ತು. ಐದು ಪಾಯಿಂಟ್ ದಾಟಿದ ಮೇಲೆ ಒಂದು ಆಸೆಯೂ ಹುಟ್ಟಿತು. ತುಂಬಾ ಬೇಡಿಕೆಯ ಕೆಲವು ಟ್ಯಾಗ್‌ಗಳಲ್ಲಿ ಒಂದು ಪಾಲನ್ನು, ಹೆಚ್ಚೆಂದರೆ ಶೇಕಡಾ 20ರಷ್ಟನ್ನು, ಲಾಟರಿ ರೀತಿ ಎತ್ತುತ್ತಾರೆ. ಅದಕ್ಕೆ ಸೇರಲು ಕನಿಷ್ಠ ಐದು ಪಾಯಿಂಟ್ ಬೇಕು. ಕೇಳಲು ಚೆನ್ನಾಗಿದೆ. ಆದರೆ ಐದು ದಾಟಿದವರು ಸಾವಿರಾರು ಜನ, ಟ್ಯಾಗ್ ಬೆರಳೆಣಿಕೆ. ನನಗೆ ಬರಲಿಲ್ಲ.

ಆಮೇಲೆ ಕೂತು ಲೆಕ್ಕ ಹಾಕಿದೆ. ಪ್ರತಿ ವರ್ಷ ಡ್ರಾ ಮುಗಿದ ಮೇಲೆ ರಾಜ್ಯದ ವನ್ಯಜೀವಿ ಇಲಾಖೆ ಅದರ ವರದಿ ಹಾಕುತ್ತದೆ. ಯಾವ ಕೋಡ್‌ಗೆ ಎಷ್ಟು ಪಾಯಿಂಟಿನವರು ಎಷ್ಟು ಜನ ಅರ್ಜಿ ಹಾಕಿದ್ದರು, ಎಷ್ಟು ಜನಕ್ಕೆ ಸಿಕ್ಕಿತು, ಎಲ್ಲ ಪುಟಗಟ್ಟಲೆ ಕೋಷ್ಟಕ. ಅದನ್ನು ಒಂದೇ ವರ್ಷದ್ದು ನೋಡಬೇಡಿ. ಹಿಂದಿನ ಐದಾರು ವರ್ಷದ್ದು ಪಕ್ಕಪಕ್ಕ ಇಟ್ಟು ನೋಡಿ. ಉದಾಹರಣೆಗೆ, ಒಂದು ಕೋಡ್‌ಗೆ 20 ಟ್ಯಾಗ್, ನಿಮ್ಮ ಮುಂದೆ 300 ಜನ ಅಂದುಕೊಳ್ಳಿ. 15 ವರ್ಷ ಅಂತ ಮನಸ್ಸು ಲೆಕ್ಕ ಹಾಕುತ್ತದೆ. ಆದರೆ ಆ 300 ಜನ ಬರೀ ಆ ಕೋಡ್‌ಗೆ ಅರ್ಜಿ ಹಾಕಿದವರು. ಸುಮ್ನೆ ಪಾಯಿಂಟ್ ಮಾತ್ರ ಕೂಡಿಡುತ್ತಾ ಕೂತವರು ಆ ಪಟ್ಟಿಯಲ್ಲಿ ಇರುವುದೇ ಇಲ್ಲ. ಅವರಲ್ಲಿ ಯಾರೋ ಒಬ್ಬ ರಿಟೈರ್ ಆಗಿ, ಈ ವರ್ಷ ಹೋಗೇಬಿಡೋಣ ಅಂತ ಹೊರಟರೆ ನೇರ ನಿಮ್ಮ ಮುಂದೆ ಬಂದು ನಿಲ್ಲುತ್ತಾನೆ. ನೀವು ವರ್ಷಕ್ಕೆ ಒಂದು ಪಾಯಿಂಟ್ ಏರುತ್ತೀರಿ, ಬೇಕಾದ ಪಾಯಿಂಟೂ ಏರುತ್ತದೆ. ಇಲ್ಲಿನವರು ಇದನ್ನು ಪಾಯಿಂಟ್ ಕ್ರೀಪ್ ಅನ್ನುತ್ತಾರೆ. ನಾನು ನೋಡಿದ ಕೋಷ್ಟಕದಲ್ಲಿ ಕೆಲವು ವರ್ಷ ನನಗೂ ಟ್ಯಾಗಿಗೂ ನಡುವಿನ ದೂರ ಒಂದಿಂಚೂ ಕಮ್ಮಿಯಾಗಿರಲಿಲ್ಲ.

ಮೇಲಿಂದ ಹವಾಮಾನ. 2022–23ರ ಚಳಿಗಾಲದಲ್ಲಿ ವಾಯವ್ಯ ಕೊಲೊರಾಡೋದಲ್ಲಿ, ಕ್ರೇಗ್, ಮೀಕರ್ ಕಡೆ, ಹಿಮ ಗಟ್ಟಿಯಾಗಿ ಕೂತು ಜಿಂಕೆಗಳು ಹಿಂಡುಹಿಂಡಾಗಿ ಹಸಿವಿನಿಂದ ಸತ್ತವು. ಆಮೇಲೆ ಅಲ್ಲಿ ಟ್ಯಾಗ್ ಕಡಿತ. ಆ ಯೂನಿಟ್‌ಗಳಿಗೆಂದೇ ಹತ್ತಾರು ವರ್ಷ ಪಾಯಿಂಟ್ ಕೂಡಿಟ್ಟವರು ಕೈಕೈ ಹಿಸುಕಿಕೊಂಡರು. ಅವರು ಆಮೇಲೆ ಬೇರೆ ಯೂನಿಟ್‌ಗಳತ್ತ ತಿರುಗಿದರೆ ಅಲ್ಲಿನ ಕ್ಯೂ ಉದ್ದವಾಯಿತು, ಅಲ್ವಾ?

ನನ್ನಂಥವರಿಗೆ ಇನ್ನೊಂದು ಚಿಂತೆ. ಗ್ರೀನ್ ಕಾರ್ಡ್ ಕ್ಯೂನಲ್ಲಿ ನನ್ನ ಪ್ರಯಾರಿಟಿ ಡೇಟ್ (ಸರದಿ ನಿರ್ಧರಿಸುವ ದಿನಾಂಕ) ಹತ್ತಿರಕ್ಕೆ ಬರುವ ಲಕ್ಷಣ ಇಲ್ಲ. ನಾಳೆ ಕೆಲಸ ಹೋದರೆ 60 ದಿನದೊಳಗೆ ಬೇರೆ ಕೆಲಸ ಹುಡುಕಬೇಕು, ಇಲ್ಲದಿದ್ದರೆ ಸಾಮಾನ್ಯವಾಗಿ ಗಂಟುಮೂಟೆ ಕಟ್ಟುವುದೇ. ಬೇರೆ ರಾಜ್ಯದಲ್ಲಿ ಕೆಲಸ ಸಿಕ್ಕಿತು ಅಂತಿಟ್ಟುಕೊಳ್ಳಿ. ಪಾಯಿಂಟ್ ಜೊತೆಗೇ ಬರುತ್ತದೆ ನಿಜ, ಆದರೆ ನಾನ್ ರೆಸಿಡೆಂಟ್ ಪಾಲಿನ ಟ್ಯಾಗ್ ಕಮ್ಮಿ, ಶುಲ್ಕ ಹತ್ತರಷ್ಟು. ಹದಿನೈದು ವರ್ಷದ ಕ್ಯೂನಲ್ಲಿ ನಿಲ್ಲಲು ಮೊದಲು ಹದಿನೈದು ವರ್ಷ ಈ ಊರಲ್ಲಿ ಇರುತ್ತೇನೆ ಅನ್ನುವ ಧೈರ್ಯ ಬೇಕು. ಅದು ನನಗಿಲ್ಲ.

ಮನಸ್ಸು ಪೂರ್ತಿ ತಿರುಗಿದ್ದು ಆ ಹಿರಿಯ ಸಹೋದ್ಯೋಗಿಯಿಂದಲೇ. ಅವರ ಹತ್ತಿರ ಇಪ್ಪತ್ತಕ್ಕೂ ಹೆಚ್ಚು ಪಾಯಿಂಟ್ ಇದೆ. ಪ್ರತಿ ವರ್ಷ ಏಪ್ರಿಲ್‌ನಲ್ಲಿ "ಈ ಸಲ ಹಾಕ್ತೀನಿ" ಅನ್ನುತ್ತಾರೆ. ಆಮೇಲೆ ಹುಣ್ಣಿಮೆ ಸೀಸನ್ ಮಧ್ಯೆ ಬರುತ್ತದೆ, ಮಗಳ ಮದುವೆ ಇದೆ, ಹಿಮ ಸಾಲದು ಅಂತ ಏನೋ ಒಂದು ನೆಪ. ಹಾಗೆ ಮುಂದೂಡಿ ಮುಂದೂಡಿ ಈಗ ಮಂಡಿ ನೋವು. ಮೆಟ್ಟಿಲು ಹತ್ತಲು ಕಂಬಿ ಹಿಡಿಯುತ್ತಾರೆ. ಪಾಯಿಂಟ್ ಜಾಸ್ತಿಯಾದಷ್ಟೂ ಅದನ್ನು ಖರ್ಚು ಮಾಡಲು ಕೈ ಬರುವುದಿಲ್ಲ. ಒಂದೇ ಸಲ ಸಿಗುವ ಟ್ಯಾಗ್, ಅದರಲ್ಲಿ ದೊಡ್ಡ ಕೊಂಬು ಸಿಗದಿದ್ದರೆ ಎಂಬ ಭಯ. ಅಜ್ಜಿ ಪೆಟ್ಟಿಗೆಯಲ್ಲಿ ಮಡಚಿಟ್ಟ ರೇಷ್ಮೆ ಸೀರೆಯ ಹಾಗೆ, ಉಡುವಂಥ ಮದುವೆ ಯಾವುದೂ ಬರುವುದೇ ಇಲ್ಲ.

ನಾನು ನಡುವಿನ ದಾರಿ ಹಿಡಿದೆ. ಗನಿಸನ್ ಕಣಿವೆ ಕಡೆಯ ಒಂದು ಯೂನಿಟ್, ಎರಡನೇ ರೈಫಲ್ ಸೀಸನ್. ನನ್ನ ಪಾಯಿಂಟ್‌ಗೆ ಸಿಗುವುದು ಬಹುತೇಕ ಖಚಿತ ಅಂತ ಕೋಷ್ಟಕ ಹೇಳುತ್ತಿತ್ತು. ನಂಬರ್ ಮಾತ್ರ ಕೇಳಬೇಡಿ, ಹೇಳಿದರೆ ಇಲ್ಲಿನ ಗೆಳೆಯರು ಮತ್ತೆ ಮಾತಾಡಿಸುವುದಿಲ್ಲ. ಅಲ್ಲಿ ಸರ್ಕಾರಿ ಜಮೀನು ಧಾರಾಳ ಇದೆ. ನನಗೆ ಅದೇ ಮುಖ್ಯವಾಗಿತ್ತು. ಹೆಸರುವಾಸಿ ಯೂನಿಟ್ ಸಿಕ್ಕಿ, ಜಿಂಕೆಗಳೆಲ್ಲ ಖಾಸಗಿ ರ‍್ಯಾಂಚ್ ಒಳಗೆ ನಿಂತು ನಮ್ಮನ್ನು ನೋಡುತ್ತಿದ್ದರೆ ಏನು ಬಂತು?

ಅರ್ಜಿ ಹಾಕಿದ ಮೇಲೆ ಸುಮಾರು ಎರಡು ತಿಂಗಳು ಏನೂ ಇಲ್ಲ. ಮೇ ಕೊನೆ, ಜೂನ್ ಹೊತ್ತಿಗೆ ಫಲಿತಾಂಶ. ಮೇಲ್ ಬರುವ ಮೊದಲೇ ಬ್ಯಾಂಕಿನಿಂದ ಕಾರ್ಡ್‌ಗೆ ಖರ್ಚು ಬಿದ್ದ ಮೆಸೇಜ್ ಬಂತು. ಖುಷಿ ಹೀಗೂ ಬರಬಹುದು! ಅರ್ಜಿಯಲ್ಲಿ ಕೊಟ್ಟ ಕಾರ್ಡ್ ಜೂನ್‌ವರೆಗೆ ಚಾಲ್ತಿಯಲ್ಲಿರುತ್ತದಾ ನೋಡಿಕೊಳ್ಳಿ. ಹಣ ಸಮಯಕ್ಕೆ ಸೇರದಿದ್ದರೆ ಟ್ಯಾಗ್ ಕೈ ತಪ್ಪುತ್ತದೆ. ಟ್ಯಾಗ್ ಕಾಗದದ್ದು, ಅಂಚೆಯಲ್ಲಿ ಬರುತ್ತದೆ. ಮನೆ ಬದಲಿಸಿದವರು ವಿಳಾಸ ಬದಲಿಸುವುದನ್ನು ಮರೆಯಬೇಡಿ.

ಬೇಸಿಗೆಯಲ್ಲಿ ಜಾಗ ನೋಡಲು ಹೋದೆವು. ಹೆಂಡತಿ ಮಕ್ಕಳಿಗೆ ಅದು ಕ್ಯಾಂಪಿಂಗ್, ನನಗೆ ಜಿಂಕೆ ಹಿಕ್ಕೆ ಹುಡುಕುವ ಕೆಲಸ. ಫೋನಿನ ನಕ್ಷೆಯಲ್ಲಿ ಸರ್ಕಾರಿ ಜಮೀನು ಅಂತ ಕಂಡ ಒಂದು ಒಳ್ಳೆ ಕಣಿವೆಗೆ ಹೋಗುವ ದಾರಿಯೇ ಖಾಸಗಿ ಗೇಟಿನ ಹಿಂದಿತ್ತು. ಸುತ್ತಿಕೊಂಡು ಹೋಗಲು ಅರ್ಧ ದಿನದ ನಡಿಗೆ. ಇದು ಮನೆಯಲ್ಲಿ ಕೂತು ಗೊತ್ತಾಗುವ ವಿಷಯ ಅಲ್ಲ. ಎತ್ತರವೂ ಅಷ್ಟೇ. ಡೆನ್ವರ್‌ನಲ್ಲಿ ಇದ್ದು ಅಭ್ಯಾಸ ಆಗಿದೆ ಅನ್ನಬೇಡಿ. ಒಂಬತ್ತು ಸಾವಿರ ಅಡಿಯಲ್ಲಿ ಬೆನ್ನ ಮೇಲೆ ಭಾರ ಇಟ್ಟುಕೊಂಡು ಹತ್ತಿದರೆ ಎದೆ ಬೇರೆಯೇ ಭಾಷೆ ಮಾತಾಡುತ್ತದೆ.

ಸೀಸನ್ ಶುರುವಾದಾಗ ಆಸ್ಪೆನ್ ಎಲೆಗಳು ಉದುರಿಹೋಗಿದ್ದವು. ಬೆಳಿಗ್ಗೆ ನೀರಿನ ಬಾಟಲಿ ಗಟ್ಟಿ ಮಂಜುಗಡ್ಡೆ. ಮೈಮೇಲೆ ಕಣ್ಣು ಕುಕ್ಕುವ ಕಿತ್ತಳೆ ಜಾಕೆಟ್, ಟೋಪಿ. ಕನಿಷ್ಠ 500 ಚದರ ಇಂಚು ಕಿತ್ತಳೆ ಅಥವಾ ಗುಲಾಬಿ ಬಣ್ಣ ಕಾಣಲೇಬೇಕು ಅಂತ ಕಾನೂನು. ಸೂರ್ಯ ಹುಟ್ಟುವ ಅರ್ಧ ಗಂಟೆ ಮುಂಚಿನಿಂದ ಮುಳುಗಿದ ಅರ್ಧ ಗಂಟೆವರೆಗೆ ಗುಂಡು ಹೊಡೆಯಬಹುದು. ಮೊದಮೊದಲು ಕಂಡದ್ದೆಲ್ಲ ಹೆಣ್ಣು, ಮರಿ. ಒಂದು ಸಂಜೆ ದೊಡ್ಡ ಗಂಡೊಂದು ಎದುರಿನ ಗುಡ್ಡದ ನೆತ್ತಿ ದಾಟಿ ಹೋಯಿತು, ಗುಂಡಿಗೆ ಎಟುಕದ ದೂರ. ಆ ರಾತ್ರಿ ಟೆಂಟಿನಲ್ಲಿ ಸಹೋದ್ಯೋಗಿಯ ಭಯ ಏನು ಅಂತ ನನಗೂ ಅರ್ಥವಾಯಿತು. ಇಷ್ಟು ವರ್ಷದ ಪಾಯಿಂಟ್, ಖಾಲಿ ಕೈಯಲ್ಲಿ ಹೋಗಬೇಕಾ ಅಂತ ನಿದ್ದೆ ಬರಲಿಲ್ಲ.

ಸಿಕ್ಕಿದ್ದು ಮಧ್ಯಮ ವಯಸ್ಸಿನ ಗಂಡು. ಒಂದು ಕಡೆ ನಾಲ್ಕು ಕವಲು, ಇನ್ನೊಂದು ಕಡೆ ಮೂರು. ಸೇಜ್ ಎಂಬ ಘಾಟು ವಾಸನೆಯ ಕುರುಚಲು ಗಿಡಗಳ ನಡುವಿನಿಂದ ಎದ್ದು ನಿಂತು ನನ್ನತ್ತ ತಿರುಗಿತು. ಒಂದೇ ಗುಂಡು. ಹತ್ತಿರ ಹೋಗಿ ಕೂತೆ. ಕೈ ನಡುಗುವುದು ನಿಲ್ಲಲು ಸ್ವಲ್ಪ ಹೊತ್ತು ಬೇಕಾಯಿತು. ಅದರ ಕಿವಿ ನನ್ನ ಅಂಗೈಗಿಂತ ಉದ್ದ ಇತ್ತು, ಒಳಗೆಲ್ಲ ಬಿಳಿ ಕೂದಲು. ಸೇಜ್ ವಾಸನೆ, ರಕ್ತದ ವಾಸನೆ ಎರಡೂ ಬೆರೆತು ಬರುತ್ತಿತ್ತು.

ಅಲ್ಲಿಂದ ಮುಂದೆ ಬೇಟೆ ಹೋಗಿ ಕೂಲಿ ಕೆಲಸ ಆಗುತ್ತದೆ. ತಕ್ಷಣ ಟ್ಯಾಗಿಗೆ ಸಹಿ, ದಿನಾಂಕ ಹಾಕಿ ಬಿಡಿಸಬೇಕು. ಮಾಂಸ ತುಂಡು ಮಾಡಿದರೂ ಗಂಡು ಅಂತ ತೋರಿಸುವ ಗುರುತು ಮಾಂಸದ ಜೊತೆ ಸಹಜವಾಗಿ ಅಂಟಿಕೊಂಡೇ ಇರಬೇಕು. ಕತ್ತರಿಸಿ ಬೇರೆ ಚೀಲದಲ್ಲಿ ಹಾಕಿದರೆ ದಂಡ. ತಿನ್ನುವ ಮಾಂಸವನ್ನು ಕಾಡಲ್ಲಿ ಬಿಟ್ಟು ಕೊಂಬು ಮಾತ್ರ ತರುವುದಂತೂ ದೊಡ್ಡ ಅಪರಾಧ. ತೊಡೆ, ಭುಜ, ಬೆನ್ನಿನ ಪಟ್ಟಿ ಎಲ್ಲ ಬಟ್ಟೆ ಚೀಲಗಳಲ್ಲಿ ತುಂಬಿ ಒಂದಾದ ಮೇಲೊಂದು ಹೊತ್ತು ತರುವಷ್ಟರಲ್ಲಿ ಕತ್ತಲು. ಜೊತೆಗೆ ಒಬ್ಬರಾದರೂ ಇರಲಿ. ಒಬ್ಬರೇ ಹೋಗುವ ಸಾಹಸ ಮಾಡಬೇಡಿ.

ಇನ್ನೊಂದು ಕಾಯುವಿಕೆ ಆಮೇಲಿನದು. ಇಲ್ಲಿನ ಜಿಂಕೆಗಳಲ್ಲಿ ಕ್ರಾನಿಕ್ ವೇಸ್ಟಿಂಗ್ ಡಿಸೀಸ್ ಎಂಬ ಮಿದುಳಿನ ರೋಗ ಇದೆ. ಮೊದಲು ಕಂಡದ್ದೇ ಕೊಲೊರಾಡೋದ ಫೋರ್ಟ್ ಕಾಲಿನ್ಸ್‌ನಲ್ಲಿ, 1967ರಲ್ಲಿ. ಮನುಷ್ಯರಿಗೆ ಹರಡಿದ್ದು ಈವರೆಗೆ ಖಚಿತವಾಗಿಲ್ಲ. ಆದರೂ ರೋಗ ಇರುವ ಪ್ರಾಣಿಯನ್ನು ತಿನ್ನಬೇಡಿ ಎನ್ನುತ್ತಾರೆ. ಕೆಲವು ಕೋಡ್‌ಗಳಿಗೆ ಪರೀಕ್ಷೆ ಕಡ್ಡಾಯ, ಆಗ ಉಚಿತ. ನನ್ನದಕ್ಕೆ ಕಡ್ಡಾಯ ಇರಲಿಲ್ಲ. 25 ಡಾಲರ್ ಕೊಟ್ಟು ತಲೆ ಒಪ್ಪಿಸಿದೆ. ರಿಪೋರ್ಟ್ ಬರುವವರೆಗೆ ಮಾಂಸ ಫ್ರೀಜರ್‌ನಲ್ಲಿ, ಮೇಲೆ "ಮುಟ್ಟಬೇಡಿ" ಅಂತ ಮಗಳು ಬರೆದ ಚೀಟಿ. ರೋಗ ಇಲ್ಲ ಅಂತ ಬಂದ ದಿನವೇ ಊರಿಂದ ತಂದಿದ್ದ ಕಾಚಂಪುಳಿ, ಕರಿಮೆಣಸು ಹಾಕಿ ಹುರಿದೆವು. ಇಲ್ಲಿನ ಜಿಂಕೆ ಸ್ವಲ್ಪ ಸೇಜ್ ಘಾಟು ಇರುತ್ತದೆ ಅನ್ನುತ್ತಾರೆ. ಕಾಚಂಪುಳಿ ಮುಂದೆ ಅದರ ಆಟ ನಡೆಯಲಿಲ್ಲ.

ಖರ್ಚಿನ ಮಾತು. ಲೈಸೆನ್ಸ್, ಅರ್ಜಿ ಶುಲ್ಕ, ಹ್ಯಾಬಿಟಾಟ್ ಸ್ಟ್ಯಾಂಪ್ (ವನ್ಯಜೀವಿ ನೆಲೆಗಳಿಗೆಂದು ಕಟ್ಟುವ ಶುಲ್ಕ) ಎಲ್ಲ ಸೇರಿದರೂ ನೂರು ಡಾಲರ್ ಆಸುಪಾಸು. ಕೋವಿ, ಅದರ ದೂರದರ್ಶಕ, ಬೂಟು, ಬೆನ್ನುಚೀಲ, ಪೆಟ್ರೋಲ್, ರಜೆ, ಇದೇ ನಿಜವಾದ ಖರ್ಚು. ಮೊದಲ ವರ್ಷ ಒಳ್ಳೆ ಬೂಟಿಗೆ, ಬೈನಾಕ್ಯುಲರ್‌ಗೆ ದುಡ್ಡು ಹಾಕಿ, ಉಳಿದದ್ದು ಸಾಲ ಕೇಳಿ. ಕೋವಿ ಸಾಲಕ್ಕೆ ಪಡೆಯುವಾಗಲೂ ವೀಸಾ ನಿಯಮ ಅದೇ ಅನ್ನುವುದು ನೆನಪಿರಲಿ.

ಕಾಯಲೇಬಾರದು ಅಂತ ನಾನು ಹೇಳುತ್ತಿಲ್ಲ. ಗೋಡೆ ಮೇಲೆ ಹಾಕುವಂಥ ಕೊಂಬೇ ಬೇಕು, ಊರು ಬಿಡುವ ಯೋಚನೆ ಇಲ್ಲ, ಇನ್ನೂ ಮೂವತ್ತು ದಾಟಿಲ್ಲ ಅಂದರೆ ಕಾಯಿರಿ. ಆದರೆ ಯಾವ ವರ್ಷಕ್ಕೆ ನಿಲ್ಲಿಸುತ್ತೇನೆ ಅಂತ ಈಗಲೇ ಬರೆದಿಟ್ಟುಕೊಳ್ಳಿ. ಕ್ಯೂ ಅಂದರೇನೇ ಆಗದವರಿಗೆ ಪಕ್ಕದ ನ್ಯೂ ಮೆಕ್ಸಿಕೋ ಇದೆ. ಅಲ್ಲಿ ಪಾಯಿಂಟ್ ಪದ್ಧತಿಯೇ ಇಲ್ಲ. ಪ್ರತಿ ವರ್ಷ ಎಲ್ಲರೂ ಸೊನ್ನೆಯಿಂದಲೇ ಲಾಟರಿ. ಸಹೋದ್ಯೋಗಿಗೆ ಒಂದು ಪ್ಯಾಕೆಟ್ ಮಾಂಸ ಕೊಟ್ಟು ಕೊಂಬಿನ ಫೋಟೋ ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಇದು ಇನ್ನೆರಡು ವರ್ಷ ಬದುಕಿದ್ದರೆ..." ಅಂದರು. ಮುಂದಿನ ಏಪ್ರಿಲ್‌ನಲ್ಲಿ ಅವರೂ ನಾನೂ ಒಟ್ಟಿಗೆ ಕೂತು ಅರ್ಜಿ ಹಾಕುವುದು ಅಂತ ಮಾತಾಗಿದೆ. ನನ್ನದು ಮತ್ತೆ ಪಾಯಿಂಟ್ ಕೋಡ್, ಎರಡನೇ ಆಯ್ಕೆಯಲ್ಲಿ ಹೆಣ್ಣು ಜಿಂಕೆ. ಅವರು ಏನು ಹಾಕುತ್ತಾರೋ ನೋಡಬೇಕು.